ಸಂಗೀತ ಬಲ್ಲವರು ಕಲಾ ನಿರ್ವಹಣೆ ಓದಲು ಲಂಡನ್ನಿಗೆ ಹೋಗಬೇಕೇ?

ನಿಮ್ಮ ಪ್ರಶ್ನೆ ನನಗೆ ಅರ್ಥವಾದದ್ದು ಹೀಗೆ: ಬಿ.ಕಾಂ. ಮುಗಿದಿದೆ, ಹಾಡುಗಾರಿಕೆಯಲ್ಲಿ ಸೀನಿಯರ್ ಪರೀಕ್ಷೆ ಆಗಿದೆ. ವೇದಿಕೆ ಏರುವಷ್ಟು ಕಂಠ ನನ್ನದಲ್ಲ ಎಂದು ನೀವೇ ಬರೆದುಕೊಂಡಿದ್ದೀರಿ, ಆದರೂ ಸಂಗೀತದ ಆಸುಪಾಸಿನಲ್ಲೇ ಬದುಕುವ ಆಸೆ. ಲಂಡನ್ನಿನ ಗೋಲ್ಡ್‌ಸ್ಮಿತ್ಸ್ ಕಾಲೇಜಿನ ಕಲಾ ಆಡಳಿತ ಮತ್ತು ಸಾಂಸ್ಕೃತಿಕ ನೀತಿಯ ಎಂ.ಎ., ಅದರಲ್ಲೂ ಸಂಗೀತದ ಶಾಖೆ ನಿಮ್ಮ ಕಣ್ಣಿಗೆ ಬಿದ್ದಿದೆ. ಮನೆಯವರು ಮಾತ್ರ ‘ಅಷ್ಟು ಸಾಲ ಮಾಡಿ ಓದಿ ಬಂದು ಏನು ಕೆಲಸ?’ ಎಂದು ಕೇಳುತ್ತಿದ್ದಾರೆ.

ನಾನು ಲಂಡನ್ನಿನಲ್ಲೇ ಬೇರೊಂದು ಕಡೆ ಇಂಥದೇ ವಿಷಯ ಓದಿ ಬಂದವಳು. ಹೋಗುವ ಮೊದಲು ನಾಲ್ಕು ವರ್ಷ ಬೆಂಗಳೂರಿನ ಒಂದು ಸಂಗೀತ ಸಭೆಯಲ್ಲಿ ಕುರ್ಚಿ ಜೋಡಿಸುವುದರಿಂದ ಹಿಡಿದು ಲೆಕ್ಕ ಬರೆಯುವವರೆಗೆ ಎಲ್ಲವನ್ನೂ ಮಾಡಿದ್ದೆ. ನನ್ನ ಉತ್ತರ: ಹೋಗಿ, ಆದರೆ ಈ ವರ್ಷ ಬೇಡ.

ಏಕೆಂದು ಹೇಳಲು ಒಂದು ತರಗತಿಯ ಕಥೆ ಸಾಕು. ಮೊದಲ ತಿಂಗಳಲ್ಲೇ ನಮಗೆ ಕೊಟ್ಟ ಅಭ್ಯಾಸ, ಮುನ್ನೂರು ಆಸನಗಳ ಸಭಾಂಗಣದಲ್ಲಿ ಒಂದು ಸಂಜೆಯ ಕಾರ್ಯಕ್ರಮಕ್ಕೆ ಬಜೆಟ್ ಹಾಕುವುದು. ಜೊತೆಯವರು ವೃಂದಗಾನ, ತಂತಿವಾದ್ಯಗಳ ಚತುಷ್ಕ ಎಂದೆಲ್ಲ ಬರೆದರು. ನಾನು ನನಗೆ ಗೊತ್ತಿದ್ದದ್ದನ್ನು ಬರೆದೆ: ಹಾಡುಗಾರಿಕೆ, ಪಿಟೀಲು, ಮೃದಂಗ, ಘಟ. ತಾಲೀಮಿನ ಖರ್ಚು ಎಂಬ ಸಾಲಿನಲ್ಲಿ ಸೊನ್ನೆ. ಅಧ್ಯಾಪಕಿ ಕಣ್ತಪ್ಪಿನಿಂದ ಬಿಟ್ಟಿದ್ದೇನೆಂದುಕೊಂಡರು. ಇಲ್ಲ, ನಮ್ಮಲ್ಲಿ ಪಕ್ಕವಾದ್ಯದವರು ಎಷ್ಟೋ ಸಲ ಗಾಯಕರನ್ನು ಭೇಟಿಯಾಗುವುದೇ ವೇದಿಕೆಯ ಮೇಲೆ, ಮುಂದಿನ ಕೃತಿ ಯಾವುದೆಂದು ತಿಳಿಯುವುದು ಗಾಯಕರು ಆಲಾಪನೆಗೆ ತೊಡಗಿದಾಗ ಎಂದು ವಿವರಿಸಿದೆ. ಒಳಗೊಳಗೇ ಸ್ವಲ್ಪ ಹೆಮ್ಮೆಯೂ ಇತ್ತೆನ್ನಿ. ಅವರು ಕೇಳಿದ್ದು ಒಂದೇ ಪ್ರಶ್ನೆ: ‘ಹಾಗಾದರೆ ಆ ತಾಲೀಮಿಗೆ ದುಡ್ಡು ಹಾಕಿದವರು ಯಾರು?’

ಬ್ರಿಟನ್ನಿನಲ್ಲಿ 1893ರಲ್ಲೇ ಹುಟ್ಟಿದ ಸಂಗೀತಗಾರರ ಸಂಘವಿದೆ. ತಾಲೀಮಿನ ಗಂಟೆಗಳಿಗೂ ದರ ಕೇಳುವುದು ಅಲ್ಲಿ ರೂಢಿ. ನಮ್ಮಲ್ಲಿ ಘಟದವರು ಇಪ್ಪತ್ತು ವರ್ಷ ಸಾಧನೆ ಮಾಡಿದ್ದು ಯಾವ ಸಭೆಯ ಲೆಕ್ಕದಲ್ಲೂ ಇಲ್ಲ. ಆ ಪ್ರಶ್ನೆ ಕಿವಿಗೆ ಬಿದ್ದಾಗ ನನಗೆ ನೆನಪಾದದ್ದು, ಒಂದು ರಾತ್ರಿ ಕಛೇರಿ ಮುಗಿದ ಮೇಲೆ ಘಟದವರೊಬ್ಬರ ಕೈಗೆ ನಾನೇ ಇಟ್ಟ ಸಂಭಾವನೆಯ ಲಕೋಟೆ. ಅವರು ಅದನ್ನು ಬಿಚ್ಚಿಯೂ ನೋಡದೆ ಚೀಲಕ್ಕೆ ಹಾಕಿಕೊಂಡು, ಮೆಜೆಸ್ಟಿಕ್ಕಿಗೆ ಕೊನೆಯ ಬಸ್ಸು ಎಷ್ಟು ಹೊತ್ತಿಗೆ ಎಂದು ಕೇಳಿದ್ದರು. ಲಕೋಟೆಯಲ್ಲಿ ಎಷ್ಟಿತ್ತೆಂದು ನನಗೆ ಗೊತ್ತಿತ್ತು. ಪದವಿ ಮುಗಿಸಿ ನೇರವಾಗಿ ಬಂದಿದ್ದ ಪಕ್ಕದ ಹುಡುಗ ಆ ಪ್ರಶ್ನೆಯನ್ನು ಟಿಪ್ಪಣಿ ಮಾಡಿಕೊಂಡು ಮುಂದಿನ ಪುಟಕ್ಕೆ ಹೋದ. ನಾನು ಕಟ್ಟಿದ ಶುಲ್ಕ ವಸೂಲಾದದ್ದು ಆ ಐದು ನಿಮಿಷದಲ್ಲಿ.

ಅಲ್ಲಿ ಕಲಿತ ಇನ್ನೊಂದು ಮಾತೂ ಇಂಥದೇ. ಬೌಮಾಲ್ ಮತ್ತು ಬೋವೆನ್ ಎಂಬ ಇಬ್ಬರು ಅಮೆರಿಕದ ಅರ್ಥಶಾಸ್ತ್ರಜ್ಞರು 1966ರಲ್ಲಿ ಒಂದು ವಾದ ಮುಂದಿಟ್ಟರು. ಕಾರ್ಖಾನೆಯಲ್ಲಿ ಯಂತ್ರ ಬಂದರೆ ಒಬ್ಬ ಕಾರ್ಮಿಕ ಹೆಚ್ಚು ಉತ್ಪಾದಿಸುತ್ತಾನೆ, ಅವನ ಕೂಲಿಯೂ ಏರುತ್ತದೆ. ಆದರೆ ನಾಲ್ವರು ನುಡಿಸುವ ಕೃತಿಗೆ ಇನ್ನೂರು ವರ್ಷದ ಹಿಂದೆಯೂ ನಾಲ್ವರೇ ಬೇಕಿತ್ತು, ಇಂದಿಗೂ ನಾಲ್ವರೇ ಬೇಕು, ಹಿಡಿಯುವ ಸಮಯವೂ ಅಷ್ಟೇ. ಊರಿನ ಕೂಲಿ ಏರಿದಂತೆ ಅವರ ಸಂಭಾವನೆಯೂ ಏರಬೇಕು, ಟಿಕೆಟ್ ಮಾತ್ರ ಅಷ್ಟು ಏರಲಾರದು. ಹೀಗಾಗಿ ಸಭಾಂಗಣ ತುಂಬಿದರೂ ನಷ್ಟವಾಗಬಹುದು. ಸಭೆಯಲ್ಲಿ ಪ್ರತಿ ವರ್ಷ ಕೈ ಕಚ್ಚಿದಾಗ ನಾವೇ ದಡ್ಡರು ಎಂದುಕೊಳ್ಳುತ್ತಿದ್ದೆವು. ಕಾರಣ ನಮ್ಮ ದಡ್ಡತನ ಒಂದೇ ಅಲ್ಲ ಎಂದು ತಿಳಿದದ್ದು ಸಮಾಧಾನ ತಂದಿತು.

ಇನ್ನು ಅಲ್ಲಿ ಕಲಿತು ಇಲ್ಲಿ ಕೆಲಸಕ್ಕೆ ಬಾರದವು. ಅಲ್ಲಿಯ ಪಾಠಗಳ ಕೇಂದ್ರದಲ್ಲಿರುವುದು ಸರ್ಕಾರದ ಹಣ. 1946ರಲ್ಲಿ ಸ್ಥಾಪನೆಯಾದ ಆರ್ಟ್ಸ್ ಕೌನ್ಸಿಲ್, ಅದರ ಅರ್ಜಿಗಳು, ಅದರ ಮೌಲ್ಯಮಾಪನ. 2022ರ ನವೆಂಬರಿನಲ್ಲಿ ಇಂಗ್ಲಿಷ್ ನ್ಯಾಷನಲ್ ಒಪೆರಾದಂಥ ಸಂಸ್ಥೆಯನ್ನೇ ತನ್ನ ಖಾಯಂ ಅನುದಾನದ ಪಟ್ಟಿಯಿಂದ ಕೈಬಿಟ್ಟು, ಲಂಡನ್ನಿನಿಂದ ಹೊರಗೆ ನೆಲೆ ಹುಡುಕಿಕೊಳ್ಳಿ ಎಂದದ್ದು ಅದೇ ಕೌನ್ಸಿಲ್. ನಮ್ಮ ಸಭೆಗಳು ಬೆಳೆದದ್ದು ಬೇರೆ ನೆಲದಲ್ಲಿ. 1905ರ ಬೆಂಗಳೂರು ಗಾಯನ ಸಮಾಜವಾಗಲಿ, 1939ರಿಂದ ಚಾಮರಾಜಪೇಟೆಯಲ್ಲಿ ರಾಮನವಮಿ ಸಂಗೀತೋತ್ಸವ ನಡೆಸುತ್ತ ಬಂದ ಶ್ರೀ ರಾಮಸೇವಾ ಮಂಡಳಿಯಾಗಲಿ ಸರ್ಕಾರದ ಯೋಜನೆಯಿಂದ ಹುಟ್ಟಿದವಲ್ಲ, ರಸಿಕರ ಹಟದಿಂದ ಹುಟ್ಟಿದವು. ಇಲ್ಲಿ ಹಣ ಬರುವುದು ಸದಸ್ಯತ್ವ, ದಾನಿಗಳು, ಸ್ಮರಣ ಸಂಚಿಕೆಯ ಜಾಹೀರಾತು, ಕನ್ನಡ ಮತ್ತು ಸಂಸ್ಕೃತಿ ಇಲಾಖೆಯ ಧನಸಹಾಯ, ಅದೃಷ್ಟವಿದ್ದರೆ ಕಂಪನಿಗಳು ಸಾಮಾಜಿಕ ಹೊಣೆಗಾರಿಕೆಗೆಂದು ತೆಗೆದಿಡುವ ಸಿಎಸ್‌ಆರ್ ನಿಧಿ ಇವುಗಳಿಂದ. ದಾನಿಗೆ ಆದಾಯ ತೆರಿಗೆ ರಿಯಾಯಿತಿಯ ರಸೀದಿ ಕೊಡುವುದು ಹೇಗೆ, ಶಾಸ್ತ್ರೀಯ ಸಂಗೀತದ ಕಲಾವಿದರ ಒಂದು ಕಛೇರಿಯ ಸಂಭಾವನೆ ಒಂದೂವರೆ ಲಕ್ಷ ರೂಪಾಯಿ ಮೀರದಿದ್ದರೆ ಜಿಎಸ್‌ಟಿ ಇಲ್ಲ ಎಂಬುದನ್ನೆಲ್ಲ ಲಂಡನ್ನಿನಲ್ಲಿ ಯಾರೂ ಹೇಳಿಕೊಡುವುದಿಲ್ಲ. ಈ ವಿಷಯದಲ್ಲಿ ನಿಮ್ಮ ಬಿ.ಕಾಂ. ನನ್ನ ಎಂ.ಎ.ಗಿಂತ ಮೇಲು. ನಾನು ಈಗಲೂ ಲೆಕ್ಕ ಪರಿಶೋಧಕರಿಗೆ ಫೋನು ಮಾಡುತ್ತೇನೆ.

ಕೆಲಸದ ವಿಷಯಕ್ಕೆ ಬರುತ್ತೇನೆ, ಮನೆಯವರಿಗೆ ಬೇಕಾದದ್ದು ಅದೇ ತಾನೇ. ಬ್ರಿಟನ್ನಿನಲ್ಲೇ ಉಳಿಯುವ ಲೆಕ್ಕಾಚಾರದಿಂದ ಹೋಗುವುದಾದರೆ ನಾನು ಬೇಡ ಎನ್ನುತ್ತೇನೆ. ಓದಿನ ನಂತರ ಎರಡು ವರ್ಷ ಉಳಿದು ಕೆಲಸ ಹುಡುಕಲು ಇದ್ದ ಅವಕಾಶ, 2027ರ ಜನವರಿ 1ರಿಂದ ಅರ್ಜಿ ಹಾಕುವ ಸ್ನಾತಕೋತ್ತರ ವಿದ್ಯಾರ್ಥಿಗಳಿಗೆ ಹದಿನೆಂಟು ತಿಂಗಳಿಗೆ ಇಳಿಯುತ್ತದೆ. ಅದಾದ ಮೇಲೆ ಉದ್ಯೋಗದ ವೀಸಾಕ್ಕೆ 2025ರ ಜುಲೈನಲ್ಲಿ ನಿಗದಿಯಾದ ಸಾಮಾನ್ಯ ಸಂಬಳದ ಮಿತಿ ವರ್ಷಕ್ಕೆ 41,700 ಪೌಂಡ್. ಹೊಸಬರಿಗೆ ರಿಯಾಯಿತಿ ಇದ್ದರೂ, ಕಲಾ ಸಂಸ್ಥೆಗಳಲ್ಲಿ ಆರಂಭದ ಹುದ್ದೆಗಳ ಸಂಬಳ ಆ ಮಟ್ಟ ಮುಟ್ಟುವುದು ಅಪರೂಪ. ಇಲ್ಲಿಗೆ ಮರಳಿದರೆ ‘ಕಲಾ ನಿರ್ವಾಹಕರು ಬೇಕಾಗಿದ್ದಾರೆ’ ಎಂಬ ಜಾಹೀರಾತು ಕಾಯುತ್ತಿರುವುದಿಲ್ಲ. ನಾನು ಮೂರು ಸಂಸ್ಥೆಗಳಿಗೆ ಅನುದಾನದ ಅರ್ಜಿ, ಒಪ್ಪಂದ, ಬಜೆಟ್ ಬರೆದುಕೊಟ್ಟು ಬದುಕುತ್ತಿದ್ದೇನೆ. ಆ ಮೂರೂ ಬಾಗಿಲುಗಳು ತೆರೆದದ್ದು ಹಳೆಯ ಸಭೆಯ ಪರಿಚಯದಿಂದ, ಪದವಿಯಿಂದಲ್ಲ.

ಸಾಲ ಮಾಡದೆ ಹೋಗುವ ದಾರಿಯೂ ಮೊದಲು ಕೆಲಸ ಮಾಡಿದ ಅನುಭವವನ್ನೇ ಕೇಳುತ್ತದೆ. ಬ್ರಿಟಿಷ್ ಸರ್ಕಾರದ ಚೀವ್ನಿಂಗ್ ವಿದ್ಯಾರ್ಥಿವೇತನಕ್ಕೆ ಎರಡು ವರ್ಷದ, ಅಂದರೆ 2,800 ಗಂಟೆಗಳ ಕೆಲಸದ ಅನುಭವ ಬೇಕು. ಓದಿದ ಮೇಲೆ ಎರಡು ವರ್ಷ ಸ್ವದೇಶದಲ್ಲಿ ಇರಬೇಕು. ಸ್ವಯಂಸೇವೆಯ ಗಂಟೆಗಳೂ ಲೆಕ್ಕಕ್ಕೆ ಬರುತ್ತವೆ. ಸಾಮಾನ್ಯವಾಗಿ ಆಗಸ್ಟಿನಲ್ಲಿ ಅರ್ಜಿ ಕರೆದು ಅಕ್ಟೋಬರಿನಲ್ಲಿ ಮುಗಿಸುತ್ತಾರೆ. ಹಾಗಾಗಿ ನಿಮ್ಮ ಬಡಾವಣೆಯ ಸಭೆಯ ಕಾರ್ಯದರ್ಶಿಯನ್ನು ಈ ವಾರವೇ ಹೋಗಿ ಕಾಣಿ. ಲೆಕ್ಕ ಬರೆಯಲು ಬರುತ್ತದೆ ಎಂದರೆ ಯಾರೂ ಬೇಡ ಎನ್ನುವುದಿಲ್ಲ. ಮಾಡಿದ ಗಂಟೆಗಳನ್ನು ದಿನಾಂಕ ಸಹಿತ ಒಂದು ಪುಸ್ತಕದಲ್ಲಿ ಬರೆದಿಡಿ, ತಿಂಗಳಿಗೊಮ್ಮೆ ಕಾರ್ಯದರ್ಶಿಯ ಸಹಿ ಹಾಕಿಸಿಕೊಳ್ಳಿ. ನಾನು ಹಾಕಿಸಿಕೊಂಡಿರಲಿಲ್ಲ. ಅರ್ಜಿಯ ಹೊತ್ತಿಗೆ ನಮ್ಮ ಕಾರ್ಯದರ್ಶಿಗಳು ಮಗನ ಮನೆಗೆಂದು ಅಮೆರಿಕಕ್ಕೆ ಹೋಗಿದ್ದರು.