ಸಂಪಾದಕರ ಉತ್ತರ: ಕಡುಬು ಮಾಡಿದ ಕೈ ಯಾವೂರಿನದು?

ತೀರ್ಥಹಳ್ಳಿ ಸೀಮೆಯ ಓದುಗರಿಗೆ ನಮಸ್ಕಾರ.

ನಿಮ್ಮ ಎರಡು ಪುಟದ ಪತ್ರ ತಲುಪಿತು. ನಮ್ಮ ತೋಟ, ಹೋಂಸ್ಟೇಗಳಲ್ಲಿ ದುಡಿಯುವ ಅಸ್ಸಾಂ, ಜಾರ್ಖಂಡ್ ಕಡೆಯವರಿಗೆ ಪ್ರವಾಸೋದ್ಯಮದ ತರಬೇತಿ ಕೊಟ್ಟು, ಸ್ವಂತ ಕಸುಬು ಹೂಡಲು ಕೈ ಹಿಡಿಯಬೇಕು ಎಂದು ಕಳೆದ ಸಂಚಿಕೆಯಲ್ಲಿ ಬರೆದಿದ್ದೆ. “ನಮ್ಮ ಹುಡುಗರೇ ಬೆಂಗಳೂರಲ್ಲಿ ಡೆಲಿವರಿ ಬ್ಯಾಗು ಹೊತ್ತು ತಿರುಗುವಾಗ ನಿಮಗ್ಯಾಕೆ ಈ ಉಸಾಬರಿ? ಅವರು ಬೇಯಿಸಿದ ಕಡುಬು ಮಲೆನಾಡಿನದಾದೀತೇ?” ಎಂದು ಕೇಳಿದ್ದೀರಿ.

ಎರಡನೆಯದನ್ನೇ ಮೊದಲು ಹಿಡಿಯುತ್ತೇನೆ, ಊಟದ ಮಾತಲ್ಲವೇ. ಹೋದ ಆಷಾಢದಲ್ಲಿ ಆಗುಂಬೆ ದಾರಿಯ ಹೋಂಸ್ಟೇಯೊಂದರಲ್ಲಿ ಉಳಿದಿದ್ದೆ. ಅಡುಗೆಮನೆಯಲ್ಲಿ ಆ ಮನೆಯ ಅಜ್ಜಿ ಮೆಟ್ಟುಗತ್ತಿ ಮುಂದೆ ಕೂತು ಕಳಲೆ, ಅಂದರೆ ಎಳೆ ಬಿದಿರು, ಹೆಚ್ಚುತ್ತಿದ್ದರು. ಎದುರಿಗೆ ಅಸ್ಸಾಮಿನ ಒಬ್ಬ ಹೆಂಗಸು. ಅಜ್ಜಿಯದು ಬಿಲ್ಲೆ ಬಿಲ್ಲೆ. ದಿನಾ ನೀರು ಬದಲಿಸಿ ಮೂರು ದಿನ ನೆನೆಸಿಡುವ ಪದ್ಧತಿ. ಅವಳ ಊರಲ್ಲಿ ಕಳಲೆಯನ್ನು ಸಣ್ಣಗೆ ಕೊಚ್ಚಿ ಹುಳಿ ಬರಿಸಿ ಇಟ್ಟುಕೊಳ್ಳುತ್ತಾರೆ, ಖೋರಿಸಾ ಅಂತ. “ಸಣ್ಣ ಅಜ್ಜಿ, ಇನ್ನೂ ಸಣ್ಣ” ಎಂದು ಅವಳು, “ನಿಮ್ಮೂರಲ್ಲಿ ಮಾಡ್ಕ ಹೋಗೆ” ಎಂದು ಇವರು, ಇಬ್ಬರಿಗೂ ನಗು. ಹುಳಿಗೆ ನಮಗೆ ಉಪ್ಪಾಗೆಯಾದರೆ ಅವರಿಗೆ ಥೇಕೆರಾ, ಎರಡೂ ಒಂದೇ ಬಳಗದ ಮರ. ಕೆಸುವಂತೂ ಎರಡೂ ಕಡೆಯ ಹಿತ್ತಿಲಲ್ಲಿದೆ. ಕಳಲೆಯ ಕಹಿ ಬಿಡಿಸುವುದು ಪೇಟೆ ಸೇರಿದ ನಮ್ಮ ಮಕ್ಕಳಲ್ಲಿ ಎಷ್ಟು ಜನಕ್ಕೆ ಗೊತ್ತು?

ರಾತ್ರಿ ಕಡುಬು ಬೇಯಿಸಿದ್ದು ಅವಳು. ಅತಿಥಿಗಳು ಹೊಗಳಿದ್ದು ಮಾಲೀಕರನ್ನು. ಬಡಿಸಲಿಕ್ಕೆ ಅವಳನ್ನು ಯಾಕೆ ಕರೆಯಲಿಲ್ಲ ಎಂದು ಆಮೇಲೆ ಮಾಲೀಕರನ್ನು ಕೇಳಿದೆ. “ನಮ್ಮ ಕಡೆಯೋರ ಥರ ಕಾಣಲ್ಲ ಸಾರ್, ಗೆಸ್ಟ್‌ಗಳು ಕೇಳ್ತಾರೆ” ಅಂದರು. ಕೇಳಲಿ ಬಿಡಿ! ಕೇಳಿದರೆ ಹೇಳುವುದಕ್ಕೆ ಅವಳ ಹತ್ತಿರ ಮಾತಿದೆ.

ಇಟಲಿಯ ತೂರಿನ್ ನಗರದಲ್ಲಿ ವಲಸೆ ಬಂದವರೇ ಪ್ರವಾಸಿಗರನ್ನು ತಮ್ಮ ಬಡಾವಣೆಯ ಸಂತೆ, ಅಂಗಡಿಗಳಿಗೆ ಕರೆದೊಯ್ದು ಪರಿಚಯಿಸುತ್ತಾರೆ. ಅದರ ಹೆಸರು ಮಿಗ್ರಾಂತೂರ್. ಅದನ್ನು ಹಾಗೇ ಕಿತ್ತು ತಂದು ಇಲ್ಲಿ ನೆಡಲಾಗದು. ನಮ್ಮಲ್ಲಿಗೆ ಜನ ಬರುವುದು ಜೋಗಕ್ಕೆ, ಸಕ್ರೆಬೈಲಿನ ಆನೆಗೆ, ಮಳೆಗೆ. ಕಾಡು ಸುತ್ತಿಸುವ ಗೈಡ್ ಕೆಲಸ ಊರ ಹುಡುಗರದೇ ಆಗಿರಲಿ, ಅಲ್ಲಿ ನಿಮ್ಮ ಮಾತು ಒಪ್ಪುತ್ತೇನೆ. ಆದರೆ ವಾರಕ್ಕೊಂದು ಸಂಜೆ ಅಜ್ಜಿಯ ಕಡುಬಿನ ಪಕ್ಕ ಅವಳ ಅಕ್ಕಿ ಪೀಠಾ, ಆ ತಟ್ಟೆಯ ದುಡ್ಡಿನಲ್ಲಿ ಅವಳಿಗೊಂದು ಪಾಲು ಅಂತಾದರೆ ಯಾರ ಗಂಟು ಹೋಗುತ್ತದೆ? ನಮ್ಮ ಹುಡುಗರು ಊರು ಬಿಟ್ಟದ್ದು ಇವರು ಬಂದಿದ್ದಕ್ಕಲ್ಲ. ಅವರು ಬಿಟ್ಟ ಕೆಲಸಕ್ಕೆ ಇವರು ಬಂದರು. ಸಂಬಳದ ಜೊತೆ ಪಾಲೂ ಇದೆ ಅಂದರೆ ಒಂದಿಬ್ಬರು ಹುಡುಗರೂ ಬಸ್ಸು ಹತ್ತಿ ವಾಪಸ್ ಬಂದಾರು.

ತರಬೇತಿಗೆ ದಾರಿ ಹೊಸದಾಗಿ ಕಡಿಯಬೇಕಿಲ್ಲ. 1982ರಲ್ಲಿ ಉಜಿರೆಯಲ್ಲಿ ಧರ್ಮಸ್ಥಳದ ಟ್ರಸ್ಟ್ ಮತ್ತು ಸಿಂಡಿಕೇಟ್, ಕೆನರಾ ಬ್ಯಾಂಕುಗಳು ಸೇರಿ ಕಟ್ಟಿದ ರುಡ್‌ಸೆಟ್ ಎಂಬ ಸ್ವಉದ್ಯೋಗ ತರಬೇತಿ ಸಂಸ್ಥೆ ಇದೆ. ಊಟ, ವಸತಿ ಕೊಟ್ಟು ಕಲಿಸಿ, ಕಲಿತು ಹೋದವರ ಬೆನ್ನು ಬಿಡದೆ ಬ್ಯಾಂಕ್ ಸಾಲದ ತನಕ ನೋಡಿಕೊಳ್ಳುವುದು ಅದರ ಹೆಚ್ಚುಗಾರಿಕೆ. ವಲಸಿಗರು ಎಡವುವುದು ಇದಕ್ಕೂ ಮೊದಲು, ಹೊಸ್ತಿಲಲ್ಲೇ. ಬ್ಯಾಂಕಿನವರು ಇಲ್ಲಿನ ವಿಳಾಸ ಕೇಳುತ್ತಾರೆ. ತೋಟದ ಕೂಲಿಯವರ ಲೈನ್ ಮನೆಯಲ್ಲಿರುವವರಿಗೆ ಬಾಡಿಗೆ ಕರಾರು ಬರೆದುಕೊಡುವವರು ಯಾರು? 2023ರ ಜೂನ್ 11ರಿಂದ ಸರ್ಕಾರಿ ಬಸ್ಸಿನಲ್ಲಿ ನಮ್ಮ ಹೆಣ್ಣುಮಕ್ಕಳಿಗೆ ಟಿಕೆಟ್ಟಿಗೆ ದುಡ್ಡಿಲ್ಲ. ಆಧಾರ್‌ನಲ್ಲಿ ಅಸ್ಸಾಂ ಎಂದಿದ್ದರೆ ತರಬೇತಿಗೆ ಶಿವಮೊಗ್ಗಕ್ಕೆ ಹೋಗಿಬರಲು ದುಡ್ಡು ಕೊಡಲೇಬೇಕು. ಈ ಹೊಸ್ತಿಲು ದಾಟಲು ಮೊದಲ ಪಾಠ ಕನ್ನಡದ್ದಾಗಲಿ, ಲೆಕ್ಕ ಬರೆಯುವಷ್ಟು, ಅರ್ಜಿ ಓದುವಷ್ಟು. ಒಂದು ತಂಡದಲ್ಲಿ ಅರ್ಧ ಊರಿನವರು, ಅರ್ಧ ಅವರು ಇರಲಿ.

ಪತ್ರದ ಕೊನೆಗೆ, ನಿಮ್ಮ ತಾಯಿಯ ತವರು ಲಿಂಗನಮಕ್ಕಿ ಹಿನ್ನೀರಿನಲ್ಲಿ ಹೋಯಿತೆಂದು ಒಂದು ಸಾಲು ಬರೆದಿದ್ದೀರಿ. 1964ರಲ್ಲಿ ಅಣೆಕಟ್ಟು ಮುಗಿಯುವ ಹೊತ್ತಿಗೆ ಎದ್ದು ಬಂದವರಲ್ಲಿ ಎಷ್ಟೋ ಮನೆಯವರು ಹಕ್ಕುಪತ್ರಕ್ಕೆ ಇನ್ನೂ ಅಲೆಯುತ್ತಿದ್ದಾರೆ. ನಿಮ್ಮ ಅಜ್ಜ ಹೊಸ ಊರಿಗೆ ಬಂದಾಗ ಅವರನ್ನೂ ‘ಮುಳುಗಡೆಯವರು’ ಎಂದೇ ಕರೆದಿದ್ದಾರು. ಅವರಿಗೆ ಮೊದಲ ಸಾಲ ಯಾರ ಜಾಮೀನಿನ ಮೇಲೆ ಹುಟ್ಟಿತು, ಯಾರ ಜಗುಲಿಯಲ್ಲಿ ಮಳೆಗಾಲ ಕಳೆದರು, ತಾಯಿಯವರಿಗೆ ನೆನಪಿದ್ದರೆ ಕೇಳಿ ಬರೆಯಿರಿ. ಮುಂದಿನ ಸಂಚಿಕೆಯಲ್ಲಿ ಒಂದು ಪುಟ ಖಾಲಿ ಇಟ್ಟಿರುತ್ತೇನೆ.

– ಸಂ.