ಪಿಕೆ: ಕೈ ಚೆನ್ನಾಗಿದೆ ಅಂತ ಎರಡೇ ಎಲೆ ಬದಲಾಯಿಸಬೇಡಿ

ಪ್ರಶ್ನೆ: ಇಬ್ಬರು ಆಡುವ ಫ್ರೆಂಚರ ಎಲೆಯಾಟ ಪಿಕೆಯಲ್ಲಿ ಮೊದಲ ಸರದಿ ನನ್ನದು. ಇಸ್ಪೀಟಿನ ಎಕ್ಕ, ರಾಜ, ರಾಣಿ, ಗುಲಾಮ. ಆಠೀನಿನ ಎಕ್ಕ, ರಾಜ, 9. ಡೈಮನ್ ಎಕ್ಕ, 10. ಕಳಾವರ್ ರಾಣಿ, 8, 7 ಬಂದಿತ್ತು. ಕೈ ಚೆನ್ನಾಗಿದೆ ಅಂತ 8, 7 ಮಾತ್ರ ಬದಲಾಯಿಸಿದೆ. ಸರಿಯಾ?

ಸರಿಯಲ್ಲ. ಇದೇ ಪ್ರಶ್ನೆಗೆ ಎಷ್ಟು ಸಲ ಉತ್ತರ ಬರೆಯೋದು! ಹಂಚಿ ಉಳಿದ ಎಂಟೆಲೆಯ ಕಟ್ಟಿನಿಂದ ಐದು ಎಲೆ ಬದಲಾಯಿಸುವ ಹಕ್ಕಿರುವಾಗ ಎರಡಕ್ಕೇ ನಿಂತರೆ, ಉಳಿದ ಮೂರನ್ನೂ ಎದುರಾಳಿ ಎತ್ತಿಕೊಳ್ಳಬಹುದು. ಅವನ ಪಾಲಿಗೆ ಮೂರಿದ್ದದ್ದು ಆರಾಯಿತು, ಅದೂ ನಿಮ್ಮ ಕೈಯಿಂದಲೇ.

ಲೆಕ್ಕ ನೋಡಿ. 32 ಎಲೆಗಳಲ್ಲಿ ನಿಮಗೆ ಕಾಣದವು 20. ನಿಮಗೆ ಬೇಕಾದವು ಎರಡು: ಕಳಾವರ್ ಎಕ್ಕ, ಇಸ್ಪೀಟಿನ 10. ಎರಡೆಲೆ ತೆಗೆದರೆ ಇವುಗಳಲ್ಲಿ ಒಂದಾದರೂ ಸಿಗುವ ಸಾಧ್ಯತೆ ಶೇ 20ರ ಹತ್ತಿರ, ಐದು ತೆಗೆದರೆ ಶೇ 45ರ ಹತ್ತಿರ. ಎರಡೂ ಬಂದು, ನಿಮ್ಮ ಐದೆಲೆಯ ಇಸ್ಪೀಟು ಬಣ್ಣಕ್ಕಿಂತ ಉದ್ದದ ಬಣ್ಣ ಅವನಲ್ಲಿ ಇಲ್ಲದಿದ್ದರೆ, ಬಣ್ಣಕ್ಕೆ 5, ಅದರ ಎಕ್ಕದಿಂದ 10ರವರೆಗಿನ ಸಾಲಿಗೆ 15, ನಾಲ್ಕು ಎಕ್ಕಕ್ಕೆ 14, ಒಟ್ಟು 34. ಎದುರಾಳಿ ಏನೂ ಗಳಿಸುವ ಮೊದಲೇ 30 ದಾಟಿದ್ದರಿಂದ ಮೇಲೆ 60. ಅದೇ ರಪಿಕ್, ಒಂದೇ ಏಟಿಗೆ 94.

ಹಾಗಾದರೆ ಬಿಡಬೇಕಾದದ್ದು ಆಠೀನಿನ 9, ಡೈಮನ್ 10, ಕಳಾವರಿನ ಮೂರೂ. ರಾಣಿ ಬಿಡಲು ಮನಸ್ಸು ಬರುವುದಿಲ್ಲ, ಗೊತ್ತು. ಆದರೆ ಇಸ್ಪೀಟಿನ ರಾಣಿ ನಿಮ್ಮಲ್ಲೇ ಇದೆಯಲ್ವಾ, ಅವನಿಗೆ ನಾಲ್ಕು ರಾಣಿ ಹೇಗೂ ಕೂಡುವುದಿಲ್ಲ. ನಾಲ್ಕು ಹತ್ತೂ ಅಷ್ಟೇ, ಒಂದನ್ನು ನೀವು ಬಿಟ್ಟಾಗಿದೆ. ನಾಲ್ಕನೆಯ ಎಕ್ಕ ಬರದಿದ್ದರೂ ಮೂರು ಎಕ್ಕದ 3 ಅಂಕ ಖಾತ್ರಿ. ಬಿಟ್ಟ ಎಲೆಯೂ ನಿಮಗೆ ಮಾಹಿತಿ ಕೊಡುತ್ತದೆ, ಅದನ್ನು ಮರೆತು ಆಡಬೇಡಿ.

ತುರುಪು ಯಾವುದು? ಈ ಆಟದಲ್ಲಿ ತುರುಪೇ ಇಲ್ಲ.

ಹಂಚಿದವನಿಗೆ ಪಿಕ್ (ಎದುರಾಳಿ ಏನೂ ಗಳಿಸುವ ಮೊದಲು, ಎಲೆ ಇಳಿಸಿ ಬಂದ ಅಂಕವೂ ಸೇರಿ 30 ಮುಟ್ಟುವುದು) ಯಾಕೆ ಸಿಗುವುದಿಲ್ಲ? ಮೊದಲ ಎಲೆ ಇಳಿಸಿದ ಕೂಡಲೇ ಎದುರಿನವನಿಗೆ 1 ಅಂಕ ಬರುತ್ತದೆ, ಮುಗಿಯಿತು. ರಪಿಕ್ ಮಾತ್ರ ಹಂಚಿದವನಿಗೂ ಸಿಗಬಹುದು.

ಲಾ ಹಿರ್ ಎಂಬ ಫ್ರೆಂಚ್ ಸೇನಾನಿ ಈ ಆಟವನ್ನು ಕಂಡುಹಿಡಿದನಂತೆ, ನಿಜವಾ? ದಂತಕಥೆ.

‘ಗೆಲ್ಲುವ ಗುಟ್ಟು’ ಅಂತ ದುಡ್ಡು ಕೇಳುವವರ ಪಾಠ ಕೊಳ್ಳಬಹುದಾ? ಖಂಡಿತ ಬೇಡ. ಅಂಥವರು ಹೇಳಿಕೊಟ್ಟಂತೆ ಎಕ್ಕಗಳನ್ನೆಲ್ಲ ಅಪ್ಪಿಕೊಂಡು ಕೂತು, ಪಂದ್ಯದ ಆರು ಹಂಚಿಕೆ ಮುಗಿದರೂ 100 ಮುಟ್ಟದವರನ್ನು ನೋಡಿದ್ದೇನೆ. ಹಾಗೆ ಸೋತರೆ ನಿಮ್ಮ ಅಂಕವೂ ಗೆದ್ದವನ ಲೆಕ್ಕಕ್ಕೇ ಸೇರುತ್ತದೆ, ಮೇಲೆ 100 ಬೇರೆ. ದುಡ್ಡು ಕಟ್ಟಿ ಆಡುವುದಂತೂ ಬೇಡವೇ ಬೇಡ.