ಗೇನ್ಸ್‌ವಿಲ್‌ನಲ್ಲಿ ವೈಲ್ಡ್‌ಲೈಫ್ ಬಯಾಲಜಿಸ್ಟ್ ಕೆಲಸ ಸಿಕ್ಕಿದೆ, ಒಪ್ಪಿಕೊಳ್ಳಬಹುದಾ?

ಫ್ಲೋರಿಡಾದ ಗೇನ್ಸ್‌ವಿಲ್‌ನಲ್ಲಿ ಒಂದು ವರ್ಷದ ಕೆಲಸ, ಗಂಟೆ ಲೆಕ್ಕದ ಸಂಬಳ, ಊರು ನೋಡಿದರೆ ಬಿಡೋಕೆ ಮನಸ್ಸಿಲ್ಲ, ಈಗಿನ ಪರ್ಮನೆಂಟ್ ಕೆಲಸ ಬಿಟ್ಟು ಹೋಗಲಾ ಅಂತ ಕೇಳಿದ್ದೀರಿ. ಆ ಊರಲ್ಲಿ ಆರು ವರ್ಷ ಇದ್ದೆ, ಇದೇ ಥರದ ಕೆಲಸ ಮಾಡಿದ್ದೇನೆ. ಊರಿಗೋಸ್ಕರ ಹೋಗಬೇಡಿ. ಊರು ಕೆಟ್ಟದ್ದು ಅಂತಲ್ಲ, ಅಷ್ಟು ಚೆನ್ನಾಗಿರೋದೇ ತಾಪತ್ರಯ.

ಯೂನಿವರ್ಸಿಟಿ ಆಫ್ ಫ್ಲೋರಿಡಾ ಅಲ್ಲೇ ಇದೆ. ಅದರಲ್ಲಿ ವನ್ಯಜೀವಿಗಳ ಬಗ್ಗೆಯೇ ಒಂದು ವಿಭಾಗ ಇದೆ. ರಾಜ್ಯದ ವನ್ಯಜೀವಿ ಇಲಾಖೆಯ ಸಂಶೋಧನಾ ಲ್ಯಾಬ್ ಕೂಡ ಅದೇ ಊರಲ್ಲಿ. ಪ್ರತಿ ವರ್ಷ ಒಂದಷ್ಟು ಹುಡುಗ ಹುಡುಗಿಯರು ಡಿಗ್ರಿ ಹಿಡ್ಕೊಂಡು ಹೊರಗೆ ಬರುತ್ತಾರೆ, ಯಾರಿಗೂ ಊರು ಬಿಡೋಕೆ ಇಷ್ಟ ಇಲ್ಲ. ನೀವು ಬೇಡ ಅಂದರೆ ಅದೇ ಸಂಬಳಕ್ಕೆ ಬರೋಕೆ ಹತ್ತು ಜನ ಬಾಗಿಲಲ್ಲಿ ನಿಂತಿರುತ್ತಾರೆ. ಸಂಬಳ ಮೇಲೆ ಏಳೋದು ಹೇಗೆ ಹೇಳಿ? ನಮ್ಮ ಹುಲಿ ತಜ್ಞ ಉಲ್ಲಾಸ ಕಾರಂತರು ಎಂಜಿನಿಯರಿಂಗ್ ಓದಿದ ಮೇಲೆ ಇದೇ ಯೂನಿವರ್ಸಿಟಿಗೆ ಬಂದು 1988ರಲ್ಲಿ ಮಾಸ್ಟರ್ಸ್ ಮುಗಿಸಿದರು, ವಾಪಸ್ ಹೋಗಿ ನಾಗರಹೊಳೆಯಲ್ಲಿ ಹುಲಿಗಳಿಗೆ ರೇಡಿಯೋ ಕಾಲರ್ ಹಾಕಿದರು. ಮಗಳು ಕೃತಿ ಕಾರಂತ್ ಡಿಗ್ರಿ ಮಾಡಿದ್ದೂ ಅಲ್ಲೇ. ಇಬ್ಬರೂ ಓದಿಕೊಂಡು ಹೊರಟರು, ಗಮನಿಸಿ. ಅಲ್ಲೇ ಅಂಟಿಕೊಂಡು ಕೂತವರು ನನ್ನಂಥವರು.

ಅಂಟಿಕೊಳ್ಳೋಕೆ ಕಾರಣ ಇಲ್ಲ ಅಂತೇನಿಲ್ಲ ಬಿಡಿ. ಕ್ಯಾಂಪಸ್ ಒಳಗೆ ಲೇಕ್ ಆಲಿಸ್ ಅಂತ ಕೆರೆ ಇದೆ, ಅದರಲ್ಲಿ ಮೊಸಳೆ ಜಾತಿಯ ಆಲಿಗೇಟರ್‌ಗಳು ಬಿಸಿಲು ಕಾಯಿಸುತ್ತಾ ಬಿದ್ದಿರುತ್ತವೆ, ಪಕ್ಕದಲ್ಲೇ ಹುಡುಗರು ಸೈಕಲ್ ಹೊಡೆಯುತ್ತಿರುತ್ತಾರೆ. ಕೆರೆಯ ಎದುರಿಗೆ ಬಾವಲಿಗಳಿಗೆ ಅಂತಲೇ ಕಂಬದ ಮೇಲೆ ಕಟ್ಟಿದ ಮನೆಗಳಿವೆ. ಮೊದಲನೆಯದನ್ನು ಕಟ್ಟಿದ್ದು 1991ರಲ್ಲಿ. ಸೂರ್ಯ ಮುಳುಗಿ ಕಾಲು ಗಂಟೆಗೆ ಲಕ್ಷಗಟ್ಟಲೆ ಬಾವಲಿಗಳು ಹೊಗೆ ಹೊರಟ ಹಾಗೆ ಹೊರಗೆ ಬರುತ್ತವೆ. ಊರಿನ ದಕ್ಷಿಣಕ್ಕೆ ಪೇನ್ಸ್ ಪ್ರೇರಿ. ಅಲ್ಲಿ ಕಾಡೆಮ್ಮೆಯಂಥ ಬೈಸನ್ ಇವೆ, ಕಾಡು ಬಿದ್ದ ಕುದುರೆಗಳಿವೆ, ಚಳಿಗಾಲದಲ್ಲಿ ಕೊಕ್ಕರೆ ಸಂತೆ. ಮಧ್ಯೆ ಹಾದು ಹೋಗುವ 441 ಹೆದ್ದಾರಿಯಲ್ಲಿ ಹಾವು, ಕಪ್ಪೆ, ಆಮೆ ಸಾಯುತ್ತವೆ ಅಂತ ರಸ್ತೆ ಬದಿಗೆ ಸೊಂಟದೆತ್ತರ ಗೋಡೆ ಕಟ್ಟಿ, ಅಡಿಯಲ್ಲಿ ಮೋರಿ ದಾರಿ ಬಿಟ್ಟಿದ್ದಾರೆ. ಮರಗಪ್ಪೆಗಳು ಮಾತ್ರ ಗೋಡೆ ಹತ್ತಿ ರಸ್ತೆಗೇ ಬರುತ್ತವೆ, ಅವಕ್ಕೆ ಯಾರು ಹೇಳೋದು.

ಆದರೆ ಇದನ್ನೆಲ್ಲ ನೀವು ನೋಡೋದು ರಜೆ ದಿನ. ಕೆಲಸದ ದಿನ ಬೆಳಗಿನ ಜಾವ ಐದಕ್ಕೆ ಟ್ರಕ್ ಹತ್ತಿದರೆ ಎರಡು ಗಂಟೆ ದಾರಿ. ನಾನು ಜಾಸ್ತಿ ಮಾಡಿದ್ದು ಗೋಫರ್ ಆಮೆಯ ಬಿಲ ಎಣಿಸೋ ಕೆಲಸ. ಬಿಲದ ಬಾಯಿ ಅಡಿಯಲ್ಲಿ ಸಪಾಟು, ಮೇಲೆ ಕಮಾನು, ಮುಂದೆ ಆಮೆ ಎಳೆದು ಹಾಕಿದ ಮರಳಿನ ದಿಬ್ಬ. ಮರಳ ಮೇಲೆ ಬೋರಲು ಮಲಗಿ, ಪೈಪಿನ ತುದಿಗೆ ಕಟ್ಟಿದ ಕ್ಯಾಮೆರಾವನ್ನು ಒಳಗೆ ತಳ್ಳುತ್ತಾ ಹೋಗಬೇಕು. ಹದಿನೈದು ಅಡಿ ಅಂದರೆ ಸಾಮಾನ್ಯ. ಸ್ಕ್ರೀನಲ್ಲಿ ಮೊದಲು ಬೇರು, ಆಮೇಲೆ ಜಿರಲೆಯಂಥ ಹುಳ, ಕೊನೆಗೆ ಆಮೆಯ ಬೆನ್ನು, ಅದೃಷ್ಟ ಕೆಟ್ಟರೆ ರ‍್ಯಾಟಲ್ ಹಾವು. ಒಂದು ದಿನಕ್ಕೆ ನಲವತ್ತು ಬಿಲ. ಸಂಜೆ ಮೈಮೇಲೆ ಉಣುಗು ಆರಿಸೋದು. ಮಂಗನ ಕಾಯಿಲೆ ಸೀಮೆಯಿಂದ ಬಂದವರಿಗೆ ಉಣುಗು ಕಂಡರೆ ಜೀವ ಝಲ್ ಅನ್ನುತ್ತದೆ, ಅಲ್ವಾ. ಮಾರನೇ ದಿನ ಎಲ್ಲ ಎಕ್ಸೆಲ್‌ಗೆ ತುಂಬಬೇಕು. ಸತ್ಯ ಹೇಳಬೇಕಂದರೆ ಕೆಲಸದ ಅರ್ಧ ಎಕ್ಸೆಲ್ಲೇ.

ಇನ್ನೊಂದು, ಕಾಡಿಗೆ ಬೆಂಕಿ ಹಾಕೋದು ಕಲಿಯಬೇಕಾಗುತ್ತದೆ. ಅಲ್ಲಿನ ಲಾಂಗ್‌ಲೀಫ್ ಪೈನ್ ಕಾಡಿಗೆ ಎರಡು ಮೂರು ವರ್ಷಕ್ಕೊಮ್ಮೆ ಬೆಂಕಿ ಬೀಳದಿದ್ದರೆ ಓಕ್ ಪೊದೆ ಎದ್ದು ನೆಲಕ್ಕೆ ಬಿಸಿಲು ಇಲ್ಲ, ಆಮೆ ತಿನ್ನೋ ಹುಲ್ಲೂ ಇಲ್ಲ. ಡೀಸೆಲ್, ಪೆಟ್ರೋಲ್ ಬೆರೆಸಿದ ಡಬ್ಬಿ ಹಿಡ್ಕೊಂಡು ಸಾಲಾಗಿ ಹಚ್ಚುತ್ತಾ ನಡೆಯಬೇಕು. ಸಾಗರದಲ್ಲಿರೋ ಅಪ್ಪನಿಗೆ ಫೋನಲ್ಲಿ ಹೇಳಿದರೆ, "ಇಲ್ಲಿ ಬೇಸಿಗೆ ಬಂತಂದ್ರೆ ಫಾರೆಸ್ಟ್‌ನೋರು ಬೆಂಕಿ ರೇಖೆ ಮಾಡ್ತಾ ಸಾಯ್ತಾರೆ, ನೀನು ಹಚ್ಚೋಕೆ ಸಂಬಳ ತಗೋತೀಯಾ" ಅಂದರು.

ಈಗ ದುಡ್ಡಿನ ವಿಷಯ. ನಿಮ್ಮದು ರಾಜ್ಯ ಸರ್ಕಾರದ ಓಪಿಎಸ್ ಅನ್ನೋ ತಾತ್ಕಾಲಿಕ ಹುದ್ದೆ ಇರಬೇಕು. ರಜೆ ಹಾಕಿದರೆ ಸಂಬಳ ಇಲ್ಲ. ಮುಂದಿನ ವರ್ಷ ಇರುತ್ತದೋ ಇಲ್ಲವೋ ಅನ್ನೋದು ಗ್ರಾಂಟ್, ಅಂದರೆ ಆ ಕೆಲಸಕ್ಕೆ ಸಿಗೋ ಅನುದಾನದ ಮೇಲೆ ನಿಂತಿದೆ. ನನ್ನ ಮೊದಲ ಕೆಲಸದಲ್ಲಿ, ಜಾಗದ ಹೆಸರು ಬೇಡ, "ಖಂಡಿತ ಮುಂದುವರಿಸ್ತೀವಿ" ಅಂತ ಹೇಳುತ್ತಲೇ ಇದ್ದರು. ಆ ಮಾತು ನಂಬಿ ಮನೆಯ ಬಾಡಿಗೆ ಒಪ್ಪಂದಕ್ಕೆ ಇನ್ನೊಂದು ವರ್ಷಕ್ಕೆ ಸಹಿ ಹಾಕಿದೆ. ಮೂರು ವಾರಕ್ಕೆ ಗ್ರಾಂಟ್ ಮುಗಿಯಿತು ಅಂತ ಇಮೇಲ್ ಬಂತು. ಒಂಬತ್ತು ತಿಂಗಳು ಅಂಗಡಿಯೊಂದರ ಕೌಂಟರಲ್ಲಿ ನಿಂತು ಬಾಡಿಗೆ ಕಟ್ಟಿದೆ.

ಹಾಗಾಗಿ ಹೂಂ ಅನ್ನೋ ಮುಂಚೆ ಮ್ಯಾನೇಜರ್‌ಗೆ ಫೋನ್ ಮಾಡಿ ಎರಡೇ ಕೇಳಿ. ಈ ಹುದ್ದೆಗೆ ದುಡ್ಡು ಎಲ್ಲಿಂದ, ಯಾವ ತಿಂಗಳ ತನಕ? ಇದಕ್ಕೆ ಮುಂಚೆ ಇದ್ದವರು ಈಗ ಎಲ್ಲಿದ್ದಾರೆ? ಎರಡನೇದಕ್ಕೆ ಅವರು ತಡವರಿಸಿದರೆ ಗೊತ್ತಾಗಿಬಿಡುತ್ತದೆ. ಹಿಂದಿನವರು ಅಲ್ಲೇ ಪರ್ಮನೆಂಟ್ ಆಗಿದ್ದರೆ ಕಣ್ಣು ಮುಚ್ಕೊಂಡು ಹೋಗಿ. ಇಲ್ಲದಿದ್ದರೆ ಇರೋ ಕೆಲಸದಲ್ಲೇ ಇದ್ದು, ಸಸ್ಯಶಾಸ್ತ್ರದ ಕ್ರೆಡಿಟ್ ಕಮ್ಮಿ ಇದ್ದರೆ ಅದನ್ನು ತುಂಬಿಸಿಕೊಳ್ಳಿ. ಫೆಡರಲ್, ಅಂದರೆ ಅಲ್ಲಿನ ಕೇಂದ್ರ ಸರ್ಕಾರದ ವೈಲ್ಡ್‌ಲೈಫ್ ಬಯಾಲಜಿಸ್ಟ್ ಹುದ್ದೆಗೆ ಅದರಲ್ಲಿ 9 ಕ್ರೆಡಿಟ್ ಕೇಳುತ್ತಾರೆ, ಎಷ್ಟೋ ಜನ ಅಲ್ಲೇ ಮುಗ್ಗರಿಸೋದು. ಅಂಥ ಹುದ್ದೆಗೆ ಸಾಮಾನ್ಯವಾಗಿ ಅಮೆರಿಕದ ಪೌರತ್ವವೂ ಬೇಕು. ನಿಮ್ಮದು ಯಾವ ವೀಸಾ ಅಂತ ನೀವು ಬರೆದಿಲ್ಲ, ಅದನ್ನೂ ಹೇಳಿ.